ಬಿಟ್ಟು ಬಿಟ್ಟು ಬರುವ ಜ್ವರ: ಕಳೆದುಹೋದ ಪ್ಯಾಕೆಟ್ಟುಗಳ ಒಂದು ಚರಿತ್ರೆ

ನೆಟ್‌ವರ್ಕ್ ಪೂರ್ತಿ ಸತ್ತುಹೋದರೆ ಅದೊಂದು ಥರ ನೆಮ್ಮದಿ. ಯಾವ ಕೇಬಲ್ ಕಿತ್ತುಬಂದಿದೆ, ಯಾವ ಸ್ವಿಚ್ಚಿನ ದೀಪ ಆರಿದೆ ಅಂತ ನೋಡಿಕೊಂಡು ಹೋದರೆ ಅರ್ಧ ಗಂಟೆಯಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ. ನಿಜವಾದ ಪೀಕಲಾಟ ಶುರುವಾಗುವುದು ನೂರು ಪ್ಯಾಕೆಟ್ ಕಳಿಸಿದರೆ ತೊಂಬತ್ತೆಂಟು ತಲುಪಿ ಎರಡು ಮಾತ್ರ ತಲುಪದೇ ಹೋದಾಗ. ಅದೂ ಯಾವಾಗಲೂ ಅಲ್ಲ, ಒಮ್ಮೊಮ್ಮೆ. ಮಲೇರಿಯಾದ ಥರ ಬಿಟ್ಟು ಬಿಟ್ಟು ಬರುವ ಜ್ವರ ಇದು. ಡಾಕ್ಟರ ಮುಂದೆ ಕೂತಾಗ ಮೈ ತಣ್ಣಗಿರುತ್ತದೆ, ಮನೆಗೆ ಬಂದ ಮೇಲೆ ನಡುಕ.

ಈ ಜ್ವರಕ್ಕೆ ಐವತ್ತು ವರ್ಷದ ಇತಿಹಾಸ ಇದೆ. ಕಂಪ್ಯೂಟರ್ ಇತಿಹಾಸ ಅಂದರೆ ಯಾರು ಏನು ಕಂಡುಹಿಡಿದರು, ಯಾರು ಕೋಟ್ಯಧಿಪತಿಯಾದರು ಅನ್ನುವುದನ್ನೇ ಎಲ್ಲರೂ ಬರೆಯುತ್ತಾರೆ. ಕೆಟ್ಟುಹೋದದ್ದರ ಇತಿಹಾಸ ನನಗೆ ಅದಕ್ಕಿಂತ ಹೆಚ್ಚು ಇಷ್ಟ. ಹಾಗಾಗಿ ಈ ಬರಹ. ಸ್ವಲ್ಪ ಉದ್ದ ಇದೆ, ಕಾಫಿ ಮಾಡಿಕೊಂಡು ಬನ್ನಿ :-)

ನಮ್ಮಲ್ಲಿ ಸಾಹಿತ್ಯದವರೂ ಬಹಳ ಜನ ಇರುವುದರಿಂದ ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ನೀವು ಒಂದು ಫೋಟೋ ಕಳಿಸಿದರೆ ಅದು ಇಡಿಯಾಗಿ ಹೋಗುವುದಿಲ್ಲ. ಸುಮಾರು ಒಂದೂವರೆ ಸಾವಿರ ಬೈಟುಗಳ ಚಿಕ್ಕ ಚಿಕ್ಕ ತುಂಡುಗಳಾಗಿ ಹೋಗುತ್ತದೆ. ಅವೇ ಪ್ಯಾಕೆಟ್ಟುಗಳು. ಒಂದೇ ಕಟ್ಟಡದೊಳಗೆ ಅವನ್ನು ಒಂದು ತಂತಿಯಿಂದ ಇನ್ನೊಂದಕ್ಕೆ ದಾಟಿಸುವ ಡಬ್ಬಿಯೇ ಸ್ವಿಚ್. ದಾರಿಯಲ್ಲಿ ಒಂದು ತುಂಡು ಕಳೆದುಹೋದರೆ ಕಳಿಸಿದ ಕಡೆಯವನು ಸ್ವಲ್ಪ ಹೊತ್ತು ಕಾದು ಮತ್ತೆ ಕಳಿಸುತ್ತಾನೆ. ನಿಮ್ಮ ಕಣ್ಣಿಗೆ ಬೀಳುವುದು "ಯಾಕೋ ಸ್ಲೋ ಆಗಿದೆ" ಅಷ್ಟೇ.

ಕಳೆದುಹೋಗುವುದು ಮೊದಲು ರೋಗವೇ ಆಗಿರಲಿಲ್ಲ, ಅದೇ ಪದ್ಧತಿಯಾಗಿತ್ತು. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್‌ಸನ್ ಮತ್ತು ಸಂಗಡಿಗರು ದ್ವೀಪಗಳ ನಡುವೆ ರೇಡಿಯೋ ಮೂಲಕ ಕಂಪ್ಯೂಟರ್ ಜಾಲ ಕಟ್ಟಿದರು. ಹೆಸರು ಅಲೋಹಾ. ನಿಯಮ ಬಹಳ ಸರಳ: ಯಾರಿಗೆ ಯಾವಾಗ ಬೇಕೋ ಆಗ ಮಾತಾಡಿ. ಇಬ್ಬರು ಒಟ್ಟಿಗೆ ಮಾತಾಡಿದರೆ ಇಬ್ಬರದೂ ಹಾಳು. ಉತ್ತರ ಬರದಿದ್ದರೆ ಮನಸ್ಸಿಗೆ ಬಂದಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಮಾತಾಡಿ. ಇದನ್ನು ಓದಿಕೊಂಡಿದ್ದ ಬಾಬ್ ಮೆಟ್‌ಕಾಫ್ 1973ರ ಮೇ 22ರಂದು ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ ಒಂದು ಟಿಪ್ಪಣಿ ಬರೆದ. ಗಾಳಿಯ ಬದಲು ತಂತಿ, ಮಾತಾಡುವ ಮೊದಲು ಬೇರೆ ಯಾರಾದರೂ ಮಾತಾಡುತ್ತಿದ್ದಾರಾ ಅಂತ ಕೇಳಿಸಿಕೊಳ್ಳುವುದು, ಮಾತಾಡುತ್ತಿರುವಾಗಲೂ ಕಿವಿ ತೆರೆದಿಟ್ಟಿರುವುದು. ಅವನೂ ಡೇವಿಡ್ ಬಾಗ್ಸ್‌ನೂ ಸೇರಿ ಕಟ್ಟಿದ ಈಥರ್ನೆಟ್ಟಿನ ವೇಗ ಸೆಕೆಂಡಿಗೆ 2.94 ಮೆಗಾಬಿಟ್.

ನಮ್ಮ ಜಗಲಿ ಹರಟೆಯನ್ನು ನೆನೆಸಿಕೊಳ್ಳಿ. ಇಬ್ಬರು ಒಟ್ಟಿಗೆ ಬಾಯಿ ತೆಗೆದರೆ ಇಬ್ಬರೂ ನಿಲ್ಲಿಸುತ್ತಾರೆ, "ನೀವು ಹೇಳಿ", "ಇಲ್ಲ ಇಲ್ಲ ನೀವು ಹೇಳಿ" ಅಂತಾಗಿ ಕೊನೆಗೆ ಯಾರೋ ಒಬ್ಬರು ಶುರುಮಾಡುತ್ತಾರೆ. ಈಥರ್ನೆಟ್ ಅಂದರೆ ಅಷ್ಟೇ. ಹತ್ತು ಮೆಗಾಬಿಟ್ಟಿನ ಈಥರ್ನೆಟ್ಟಿನಲ್ಲಿ (ಅದರ ಮೊದಲ ನಿರ್ದಿಷ್ಟ ರೂಪ ಹೊರಬಂದದ್ದು 1980ರಲ್ಲಿ) ಡಿಕ್ಕಿ ಆಗುವುದಿದ್ದರೆ ಮೊದಲ 512 ಬಿಟ್ ಕಳಿಸುವುದರೊಳಗೆ, ಅಂದರೆ 51.2 ಮೈಕ್ರೋಸೆಕೆಂಡಿನೊಳಗೆ ಆಗಿಬಿಡಬೇಕು. ಆಮೇಲೆ ತಂತಿಯ ಮೇಲಿರುವ ಎಲ್ಲರಿಗೂ ನಿಮ್ಮ ದನಿ ಕೇಳಿಸಿರುತ್ತದೆ, ಯಾರೂ ಅಡ್ಡಬಾಯಿ ಹಾಕಬಾರದು. ಈಥರ್ನೆಟ್ಟಿನ ಅತಿ ಚಿಕ್ಕ ಪ್ಯಾಕೆಟ್ 64 ಬೈಟು ಇರುವುದೂ ಇದೇ ಲೆಕ್ಕದಿಂದ. ಈ 512 ಅನ್ನುವ ಸಂಖ್ಯೆಯನ್ನು ಸ್ವಲ್ಪ ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಆ ಕಾಲದ ತಂತಿಯೋ, ಹೆಬ್ಬೆರಳು ದಪ್ಪದ ಕೋಆಕ್ಸಿಯಲ್ ಕೇಬಲ್. ಆಮೇಲೆ ತೆಳ್ಳಗಿನದು ಬಂತು. ಅದರಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸರಮಾಲೆ. ಒಂದು ಟಿ ಆಕಾರದ ಕನೆಕ್ಟರ್ ಸಡಿಲವಾದರೆ ಸಾಲಿನಲ್ಲಿರುವವರೆಲ್ಲ ಒದ್ದಾಡಬೇಕು. ಯಾರದು ಸಡಿಲವಾಗಿದೆ ಅಂತ ತಿಳಿಯುವುದು ಹೇಗೆ?

ಇಲ್ಲಿ ಮೈಕ್ ಮೂಸ್ ಬರುತ್ತಾನೆ. ಅಮೆರಿಕದ ಸೇನೆಯ ಬ್ಯಾಲಿಸ್ಟಿಕ್ ರಿಸರ್ಚ್ ಲ್ಯಾಬೊರೇಟರಿಯಲ್ಲಿದ್ದ ಈತ 1983ರ ಡಿಸೆಂಬರಿನಲ್ಲಿ, ತಮ್ಮ ಜಾಲ ಯಾಕೋ ವಿಚಿತ್ರವಾಗಿ ಆಡುತ್ತಿದೆ ಅಂತ ಒಂದು ಸಂಜೆ ಕೂತು ಸುಮಾರು ಸಾವಿರ ಸಾಲಿನ ಒಂದು ಪ್ರೋಗ್ರಾಂ ಬರೆದ. ಅದೇ ಪಿಂಗ್. ಜಲಾಂತರ್ಗಾಮಿಗಳ ಸೋನಾರ್ ಸದ್ದಿನಿಂದ ಬಂದ ಹೆಸರು. ಇದೇ ತನ್ನ ಹೆಸರು ಉಳಿಸುವ ಕೆಲಸ ಅಂತ ಗೊತ್ತಿದ್ದಿದ್ದರೆ ಇನ್ನೊಂದೆರಡು ದಿನ ಹೆಚ್ಚು ಕೂತಿರುತ್ತಿದ್ದೆ ಅಂತ ಆತ ಆಮೇಲೆ ತಮಾಷೆ ಮಾಡಿದ್ದುಂಟು. 2000ದ ನವೆಂಬರಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ.

ಪಿಂಗ್ ಬಗ್ಗೆ ತಾನು ಕೇಳಿದ ಅತ್ಯುತ್ತಮ ಕಥೆ ಅಂತ ಮೂಸ್ ತಾನೇ ಒಂದು ಪ್ರಸಂಗ ಬರೆದಿಟ್ಟಿದ್ದಾನೆ. ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ಸಿಕ್ಕ ಒಬ್ಬ ಅಡ್ಮಿನ್ ಹೇಳಿದ್ದಂತೆ. ಅವರ ಆಫೀಸಿನ ಈಥರ್ನೆಟ್ ಹೀಗೇ ಬಿಟ್ಟು ಬಿಟ್ಟು ಕೈಕೊಡುತ್ತಿತ್ತು. ಆ ಪುಣ್ಯಾತ್ಮ ಪಿಂಗ್‌ನ ಔಟ್‌ಪುಟ್ಟನ್ನು ಮಾತಾಡುವ ಪ್ರೋಗ್ರಾಮಿಗೆ ಜೋಡಿಸಿ, ಅದನ್ನು ಆಫೀಸಿನ ಸ್ಟೀರಿಯೋಗೆ ಸಿಕ್ಕಿಸಿ, ಕಿವಿ ತಡೆಯುವಷ್ಟು ಜೋರಾಗಿ ಇಟ್ಟ. ಕಂಪ್ಯೂಟರ್ ಸೆಕೆಂಡಿಗೊಂದು ಸಲ "ಪಿಂಗ್, ಪಿಂಗ್, ಪಿಂಗ್" ಅಂತ ಕೂಗುತ್ತಾ ಕೂತಿತು. ಇವನು ಕಟ್ಟಡವೆಲ್ಲ ಸುತ್ತುತ್ತಾ ಒಂದೊಂದೇ ಕನೆಕ್ಟರನ್ನು ಅಲ್ಲಾಡಿಸುತ್ತಾ ಹೋದ. ಎಲ್ಲಿ ಅಲ್ಲಾಡಿಸಿದಾಗ ಸದ್ದು ನಿಂತಿತೋ ಅಲ್ಲೇ ಕಳ್ಳ. ನನ್ನ ಲೆಕ್ಕದಲ್ಲಿ ಇದು ನೆಟ್‌ವರ್ಕ್ ಇತಿಹಾಸದ ಅತಿ ಸುಂದರ ಪತ್ತೇದಾರಿ. ಲಕ್ಷಾಂತರ ರೂಪಾಯಿಯ ಉಪಕರಣ ಬೇಕಾಗಲಿಲ್ಲ, ಕಿವಿ ಮತ್ತು ಕೈ ಸಾಕಾಯಿತು.

ಪಿಂಗ್ ಹುಟ್ಟುವ ಮೂರು ವರ್ಷ ಮೊದಲಿನ ಒಂದು ಘಟನೆ ಇದೆ. ಅಲ್ಲಿ ಪಿಂಗ್ ಇದ್ದಿದ್ದರೂ ಏನೂ ಪ್ರಯೋಜನ ಆಗುತ್ತಿರಲಿಲ್ಲ. 1980ರ ಅಕ್ಟೋಬರ್ 27. ಇಂಟರ್ನೆಟ್ಟಿನ ತಾಯಿ ಅನ್ನಿಸಿಕೊಂಡ ಆರ್ಪಾನೆಟ್ ಹಲವು ಗಂಟೆ ಇಡೀ ಮಲಗಿಬಿಟ್ಟಿತು. ಅದರ ಸ್ವಿಚ್ಚುಗಳಿಗೆ ಐಎಂಪಿ ಅನ್ನುತ್ತಿದ್ದರು. ಅಕ್ಕಪಕ್ಕದ ದಾರಿಗಳ ಸ್ಥಿತಿಗತಿಯನ್ನು ಅವು ಎಲ್ಲರಿಗೂ ಸಾರಿ ಹೇಳುತ್ತಿದ್ದವು, ಪ್ರತಿ ಸುದ್ದಿಗೂ ಒಂದು ಕ್ರಮಸಂಖ್ಯೆ. ಸಂಖ್ಯೆಗೆ ಇದ್ದದ್ದು ಆರೇ ಬಿಟ್, ಅಂದರೆ 0ಯಿಂದ 63, ಮತ್ತೆ 0. ನಮ್ಮ ಸಂವತ್ಸರಗಳ ಥರ. ಪ್ರಭವದಿಂದ ಅಕ್ಷಯದವರೆಗೆ ಅರವತ್ತು, ಮತ್ತೆ ಪ್ರಭವ. ಒಬ್ಬರು ಅಕ್ಷಯದಲ್ಲಿ ಹುಟ್ಟಿದವರು, ಇನ್ನೊಬ್ಬರು ಪ್ರಭವದಲ್ಲಿ ಅಂದರೆ ಯಾರು ಹಿರಿಯರು? ಚಕ್ರದಲ್ಲಿ ಹತ್ತಿರದ ದಾರಿ ಯಾವುದೋ ಅದನ್ನು ನೋಡಿ ಹೇಳಬೇಕು. ಐಎಂಪಿಗಳೂ ಹಾಗೇ ಹೇಳುತ್ತಿದ್ದವು.

ಅಂದು ಒಂದು ಐಎಂಪಿಯ ಹಾರ್ಡ್‌ವೇರ್ ಬಿಟ್ಟುಗಳನ್ನು ಉದುರಿಸತೊಡಗಿತ್ತು. ಐವತ್ತನೇ ನಂಬರಿನ ಐಎಂಪಿಯ ಒಂದು ಸುದ್ದಿಯ ಸಂಖ್ಯೆ 44, ಬೈನರಿಯಲ್ಲಿ 101100. ಒಂದು ಬಿಟ್ ಉದುರಿ 101000 ಆಯಿತು, ಅಂದರೆ 40. ಇನ್ನೊಂದು ಉದುರಿ 001000, ಅಂದರೆ 8. ಈಗ ಜಾಲದಲ್ಲಿ ಮೂರು ಸುದ್ದಿ. ಚಕ್ರದ ಲೆಕ್ಕದಲ್ಲಿ 40 ಅನ್ನುವುದು 8ಕ್ಕಿಂತ ಹೊಸದು, 44 ಅನ್ನುವುದು 40ಕ್ಕಿಂತ ಹೊಸದು, 8 ಅನ್ನುವುದು 44ಕ್ಕಿಂತ ಹೊಸದು! ಪ್ರತಿಯೊಂದು ಸ್ವಿಚ್ಚೂ "ಓ ಹೊಸ ಸುದ್ದಿ" ಅಂತ ಸಂಭ್ರಮದಿಂದ ಪಕ್ಕದವರಿಗೆ ಹಂಚುತ್ತಾ ಹೋಯಿತು. ಕೊನೆಯೇ ಇಲ್ಲ. ಬೇರೆ ಕೆಲಸಕ್ಕೆ ಯಾರಿಗೂ ಪುರುಸೊತ್ತಿಲ್ಲ. ಒಂದು ಐಎಂಪಿಯನ್ನು ಆರಿಸಿ ಹೊತ್ತಿಸಿದರೆ ಪಕ್ಕದವರು ಮತ್ತೆ ಅದೇ ಸುದ್ದಿ ತುಂಬುತ್ತಿದ್ದರು. ಕೊನೆಗೆ "ಐವತ್ತನೆಯವನ ಮಾತು ಯಾರೂ ಕೇಳಬೇಡಿ" ಅಂತ ಎಲ್ಲ ಐಎಂಪಿಗಳಿಗೂ ತೇಪೆ ಹಾಕಬೇಕಾಯಿತು. ಬಿಬಿಎನ್ ಕಂಪನಿಯ ಎರಿಕ್ ರೋಸೆನ್ 1981ರಲ್ಲಿ ಇದನ್ನೆಲ್ಲ ಆರ್‌ಎಫ್‌ಸಿ 789ರಲ್ಲಿ ಬರೆದಿದ್ದಾನೆ. ಆರ್‌ಎಫ್‌ಸಿಗಳನ್ನು ಓದುವುದು ಅಂದರೆ ನಿದ್ದೆ ಮಾತ್ರೆ ನುಂಗಿದ ಹಾಗೆ, ಆದರೆ ಇದೊಂದನ್ನು ಕಾದಂಬರಿ ಥರ ಓದಬಹುದು.

ತಂತಿಯ ಮೇಲೆ ಹೋಗುವಾಗ ಪ್ಯಾಕೆಟ್ಟಿಗೆ ಚೆಕ್‌ಸಮ್ ಕಾವಲಿತ್ತು. ಸ್ವಿಚ್ಚಿನ ಹೊಟ್ಟೆಯೊಳಗೆ ಕೂತಿದ್ದಾಗ ಕಾವಲಿರಲಿಲ್ಲ. ಕಳ್ಳತನ ಆದದ್ದು ದಾರಿಯಲ್ಲಲ್ಲ, ಛತ್ರದಲ್ಲಿ.

ಇನ್ನು 1986. ಅಕ್ಟೋಬರ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ವೇಗ ಸೆಕೆಂಡಿಗೆ 32 ಸಾವಿರ ಬಿಟ್ಟಿನಿಂದ 40 ಬಿಟ್ಟಿಗೆ ಬಿತ್ತು. ನಲವತ್ತು ಸಾವಿರ ಅಲ್ಲ, ಬರೀ ನಲವತ್ತು. ಎರಡರ ನಡುವೆ ಇದ್ದದ್ದು 400 ಗಜ. ಚೀಟಿ ಬರೆದು ನಡೆದುಕೊಂಡು ಹೋಗಿ ಕೊಟ್ಟು ಬಂದಿದ್ದರೆ ಬೇಗ ಆಗುತ್ತಿತ್ತು. ಆದದ್ದು ಇಷ್ಟು: ಪ್ಯಾಕೆಟ್ ಕಳೆದರೆ ಎಲ್ಲರೂ ತಕ್ಷಣ ಮತ್ತೆ ಕಳಿಸುತ್ತಿದ್ದರು, ಅದರಿಂದ ಇನ್ನೂ ದಟ್ಟಣೆ, ಇನ್ನೂ ನಷ್ಟ, ಇನ್ನೂ ಮರುಕಳಿಕೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎಲ್ಲರೂ ಹಾರ್ನ್ ಒತ್ತಿ ಮುಂದೆ ನುಗ್ಗಿದ ಹಾಗೆ. ವ್ಯಾನ್ ಜೇಕಬ್‌ಸನ್ ಮತ್ತು ಮೈಕ್ ಕ್ಯಾರಲ್ಸ್ ಇದಕ್ಕೆ ಪರಿಹಾರ ಹುಡುಕಿದರು, 1988ರಲ್ಲಿ ಜೇಕಬ್‌ಸನ್ನನ ಪ್ರಸಿದ್ಧ ಪ್ರಬಂಧ ಬಂತು. ಸಾರ ಇಷ್ಟೇ: ಪ್ಯಾಕೆಟ್ ಕಳೆದಿದೆ ಅಂದರೆ ಮುಂದೆ ದಟ್ಟಣೆ ಇದೆ ಅಂತ ತಿಳಿದುಕೋ, ವೇಗ ತಗ್ಗಿಸು, ಆಮೇಲೆ ಮೆಲ್ಲಗೆ ಏರಿಸು.

ಇಂಟರ್ನೆಟ್ ಉಳಿದದ್ದೇ ಇದರಿಂದ. ಆದರೆ ಇದಕ್ಕೊಂದು ಬೆಲೆ ಇತ್ತು. ಅಂದಿನಿಂದ ಟಿಸಿಪಿಗೆ ನಷ್ಟ ಅಂದರೆ ದಟ್ಟಣೆ ಅಂತಲೇ ಅರ್ಥ. ಕೇಬಲ್ ಇಲಿ ಕಡಿದು ನಷ್ಟ ಆದರೂ ಅದು "ಓಹೋ ಟ್ರಾಫಿಕ್ ಜಾಮ್" ಅಂದುಕೊಂಡು ವೇಗ ಇಳಿಸುತ್ತದೆ. 1997ರಲ್ಲಿ ಮ್ಯಾಥಿಸ್ ಮತ್ತಿತರರು ಇದಕ್ಕೆ ಒಂದು ಸೂತ್ರ ಕೊಟ್ಟರು. ಅದರ ಪ್ರಕಾರ ಹೋಗಿಬರಲು 100 ಮಿಲಿಸೆಕೆಂಡ್ ಹಿಡಿಯುವ ದಾರಿಯಲ್ಲಿ ನೂರಕ್ಕೆ ಒಂದು ಪ್ಯಾಕೆಟ್ ಕಳೆದರೆ ಒಂದು ಸಂಪರ್ಕಕ್ಕೆ ಸಿಗುವುದು ಸುಮಾರು 1.4 ಎಂಬಿಪಿಎಸ್. ನೀವು ನೂರು ಎಂಬಿಪಿಎಸ್‌ಗೆ ದುಡ್ಡು ಕೊಟ್ಟಿದ್ದರೂ ಅಷ್ಟೇ, ಸಾವಿರಕ್ಕೆ ಕೊಟ್ಟಿದ್ದರೂ ಅಷ್ಟೇ. "ಬರೀ ಒಂದು ಪರ್ಸೆಂಟ್ ಲಾಸ್ ಸಾರ್, ಪರವಾಗಿಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. (ಅಂದ ಹಾಗೆ 2016ರಲ್ಲಿ ಗೂಗಲ್‌ನಿಂದ ಬಂದ ಬಿಬಿಆರ್ ಅನ್ನುವ ವಿಧಾನ ನಷ್ಟವನ್ನು ದಟ್ಟಣೆಯ ಗುರುತು ಅಂತ ಹೀಗೆ ನೇರವಾಗಿ ತೆಗೆದುಕೊಳ್ಳುವುದಿಲ್ಲ. ಅದರ ಲೇಖಕರಲ್ಲಿ ಒಬ್ಬ ಇದೇ ವ್ಯಾನ್ ಜೇಕಬ್‌ಸನ್!)

ಈಗ ಸ್ವಿಚ್ಚಿಗೆ ಬರೋಣ. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಒಂದೇ ತಂತಿಯನ್ನು ನೂರಾರು ಜನ ಹಂಚಿಕೊಂಡು ಸಾಕುಬೇಕಾಗಿತ್ತು. ವಿನೋದ್ ಭಾರದ್ವಾಜ್ ಅನ್ನುವ ಭಾರತೀಯ ಮೂಲದವರು ಲ್ಯಾರಿ ಬ್ಲೇರ್ ಜೊತೆ ಸೇರಿ ಸಿಲಿಕಾನ್ ವ್ಯಾಲಿಯಲ್ಲಿ ಒಂದು ಕಂಪನಿ ಶುರುಮಾಡಿದರು. ಹೆಂಡತಿಯ ಹೆಸರನ್ನೇ ಕಂಪನಿಗೆ ಇಟ್ಟರು: ಕಲ್ಪನಾ. (ನಮಗೆ ಕಲ್ಪನಾ ಅಂದರೆ ಮಿನುಗುತಾರೆಯೇ, ಏನು ಮಾಡೋದು.) 1990ರಲ್ಲಿ ಕಲ್ಪನಾ ಕಂಪನಿ ಏಳು ಪೋರ್ಟುಗಳ ಈಥರ್‌ಸ್ವಿಚ್ ತಂದಿತು. ಮಾರುಕಟ್ಟೆಗೆ ಬಂದ ಮೊದಲ ಈಥರ್ನೆಟ್ ಸ್ವಿಚ್ ಅದು. 1994ರಲ್ಲಿ ಸಿಸ್ಕೋ ಕಂಪನಿಯನ್ನೇ ಕೊಂಡುಕೊಂಡಿತು.

ಈ ಕಲ್ಪನಾ ಸ್ವಿಚ್ಚಿನ ವಿಶೇಷ ಅಂದರೆ ಅವಸರ. ಪ್ಯಾಕೆಟ್ಟಿನ ತಲೆಯಲ್ಲಿರುವ ವಿಳಾಸ ಓದಿದ ಕೂಡಲೇ, ಬಾಲ ಇನ್ನೂ ಒಳಗೆ ಬರುತ್ತಿರುವಾಗಲೇ, ಆಚೆ ಕಳಿಸಲು ಶುರುಮಾಡುತ್ತಿತ್ತು. ಇದರಿಂದ ತಡ ಕಡಿಮೆ. ಆದರೆ ಪ್ಯಾಕೆಟ್ ಸರಿಯಾಗಿದೆಯೇ ಅಂತ ಹೇಳುವ ಸಿಆರ್‌ಸಿ ಇರುವುದು ಬಾಲದಲ್ಲಿ! ಕೆಟ್ಟಿದೆ ಅಂತ ಗೊತ್ತಾಗುವಷ್ಟರಲ್ಲಿ ತಲೆ ಊರು ದಾಟಿರುತ್ತದೆ. ಹಾಗಾಗಿ ಇಂಥ ಸ್ವಿಚ್ಚುಗಳ ಜಾಲದಲ್ಲಿ ನಿಮ್ಮ ಪೋರ್ಟಿನಲ್ಲಿ ಸಿಆರ್‌ಸಿ ದೋಷ ಕಂಡರೆ ನಿಮ್ಮ ಕೇಬಲ್ ಕೆಟ್ಟಿದೆ ಅಂತ ಅರ್ಥವಲ್ಲ. ನಾಲ್ಕು ಸ್ವಿಚ್ ಆಚೆ ಯಾರದೋ ಕೇಬಲ್ ಕೆಟ್ಟಿರಬಹುದು. ಇಂದಿಗೂ ಡೇಟಾ ಸೆಂಟರುಗಳಲ್ಲಿ ಈ ಅವಸರದ ಸ್ವಿಚ್ಚುಗಳಿವೆ, ಹೊಸಬರು ಇಂದಿಗೂ ತಪ್ಪು ಕೇಬಲ್ಲನ್ನೇ ಬದಲಾಯಿಸುತ್ತಾರೆ.

ಸ್ವಿಚ್ ಬಂದ ಮೇಲೆ ಇನ್ನೊಂದು ಬದಲಾವಣೆ ಆಯಿತು. ಪ್ರತಿ ಕಂಪ್ಯೂಟರಿಗೂ ಸ್ವಂತ ತಂತಿ, ಅದರಲ್ಲಿ ಹೋಗಲು ಒಂದು ಜೋಡಿ, ಬರಲು ಒಂದು ಜೋಡಿ. ಇನ್ನು ಜಗಲಿಯ ಮರ್ಯಾದೆ ಯಾಕೆ? ಇಬ್ಬರೂ ಒಟ್ಟಿಗೆ ಮಾತಾಡಬಹುದು. ಇದೇ ಫುಲ್ ಡ್ಯೂಪ್ಲೆಕ್ಸ್, ಹಳೆಯದು ಹಾಫ್ ಡ್ಯೂಪ್ಲೆಕ್ಸ್. ಐಇಇಇ ಇದನ್ನು ಮಾನಕವಾಗಿ ಒಪ್ಪಿದ್ದು 1997ರಲ್ಲಿ. ಎರಡು ತುದಿಯವರೂ ಯಾವ ವೇಗ, ಯಾವ ರೀತಿ ಅಂತ ತಾವೇ ಮಾತಾಡಿಕೊಳ್ಳಲಿ ಅಂತ 1995ರಲ್ಲೇ ಆಟೋ ನೆಗೋಷಿಯೇಷನ್ ಬಂದಿತ್ತು. ತಂತಿ ಸಿಕ್ಕಿಸಿದ ಕೂಡಲೇ ಚಿಕ್ಕ ಚಿಕ್ಕ ಮಿಡಿತಗಳಲ್ಲಿ "ನನಗೆ ಇಷ್ಟೆಲ್ಲ ಬರುತ್ತೆ, ನಿನಗೆ?" ಅಂತ ಪರಿಚಯ. ಥೇಟ್ ಹೆಣ್ಣು ನೋಡುವ ಶಾಸ್ತ್ರ.

ಎಲ್ಲ ಕಂಪನಿಗಳ ಚಿಪ್ಪುಗಳೂ ಈ ಶಾಸ್ತ್ರವನ್ನು ಒಂದೇ ಥರ ಮಾಡುತ್ತಿರಲಿಲ್ಲ. ಬೇಸತ್ತ ಅಡ್ಮಿನ್‌ಗಳು ಶಾಸ್ತ್ರವೇ ಬೇಡ ಅಂತ "100 ಮೆಗಾಬಿಟ್, ಫುಲ್" ಅಂತ ಕೈಯಾರೆ ಬರೆದು ಬೀಗ ಹಾಕತೊಡಗಿದರು. ಎರಡೂ ತುದಿಯಲ್ಲಿ ಹಾಕಿದರೆ ಸರಿ. ಒಂದೇ ತುದಿಯಲ್ಲಿ ಹಾಕಿದರೆ? ಬೀಗ ಹಾಕಿದವನು ಪರಿಚಯದ ಮಿಡಿತ ಕಳಿಸುವುದಿಲ್ಲ. ಆಚೆ ಕಡೆಯವನು ಸಿಗ್ನಲ್ ನೋಡಿ ವೇಗ ನೂರು ಅಂತ ಊಹಿಸಬಲ್ಲ, ಹಾಫೋ ಫುಲ್ಲೋ ಅಂತ ಊಹಿಸಲಾರ. ಗೊತ್ತಾಗದಿದ್ದರೆ ಹಾಫ್ ಅಂತ ಇಟ್ಟುಕೋ ಅನ್ನುತ್ತದೆ ಮಾನಕ. ಹೀಗೆ ಒಬ್ಬ ಫುಲ್, ಒಬ್ಬ ಹಾಫ್. ದೀಪ ಹಸಿರಾಗಿ ಉರಿಯುತ್ತದೆ. ಇಬ್ಬರೂ ನಿಯಮ ಮುರಿದಿಲ್ಲ.

ಹಾಫ್ ಇರುವವನು ಜಗಲಿಯ ಮರ್ಯಾದಸ್ಥ, ತಾನು ಮಾತಾಡುವಾಗ ಎದುರಿನ ದನಿ ಕೇಳಿದರೆ ಡಿಕ್ಕಿ ಅಂದುಕೊಂಡು ನಿಲ್ಲಿಸಿಬಿಡುತ್ತಾನೆ. ಫುಲ್ ಇರುವವನಿಗೆ ಆ ಹಂಗಿಲ್ಲ, ಯಾವಾಗ ಬೇಕಾದರೂ ಶುರುಮಾಡುತ್ತಾನೆ. ಆ 512 ಬಿಟ್ ದಾಟಿದ ಮೇಲೂ ಡಿಕ್ಕಿ ಆಗುತ್ತದೆ, ಆಗಲೇ ಬಾರದ ಜಾಗದಲ್ಲಿ. ಇದಕ್ಕೆ ಲೇಟ್ ಕೊಲಿಷನ್ ಅಂತ ಹೆಸರು. ಮರ್ಯಾದಸ್ಥನ ಪ್ಯಾಕೆಟ್ ಅರ್ಧಕ್ಕೆ ತುಂಡಾಗುತ್ತದೆ, ಆಚೆಯವನು ಅದನ್ನು ಸಿಆರ್‌ಸಿ ದೋಷ ಅಂತ ಎಸೆಯುತ್ತಾನೆ. ಅದೇ ಹೊತ್ತಿಗೆ ಆಚೆಯವನು ಕಳಿಸಿದ್ದನ್ನು ಮರ್ಯಾದಸ್ಥನೂ ಎಸೆದಿರುತ್ತಾನೆ. ಆಚೆಯವನಿಗೆ ಅದು ಗೊತ್ತೇ ಇಲ್ಲ.

ಇದರ ಕುತಂತ್ರ ಇರುವುದು ಇಲ್ಲಿ. ಪಿಂಗ್ ಮಾಡಿದರೆ ಏನೂ ಕಾಣುವುದಿಲ್ಲ. ಪಿಂಗ್ ಅಂದರೆ ಒಂದು ಪ್ರಶ್ನೆ, ಅದು ಮುಗಿದ ಮೇಲೆ ಒಂದು ಉತ್ತರ, ಆಮೇಲೆ ಸೆಕೆಂಡು ಮೌನ. ಇಬ್ಬರೂ ಒಟ್ಟಿಗೆ ಬಾಯಿ ತೆಗೆಯುವ ಸಂದರ್ಭವೇ ಬರುವುದಿಲ್ಲ. ದೊಡ್ಡ ಫೈಲ್ ಕಳಿಸಿ ನೋಡಿ, ಒಂದು ಕಡೆಯಿಂದ ಡೇಟಾ, ಇನ್ನೊಂದು ಕಡೆಯಿಂದ "ಬಂತು, ಬಂತು" ಅನ್ನುವ ಒಪ್ಪಿಗೆ ಎರಡೂ ಒಟ್ಟಿಗೆ ಹರಿಯುತ್ತವೆ, ಆಗ ಡಿಕ್ಕಿಯ ಸರಮಾಲೆ. ಅಂದರೆ ಕೆಲಸ ಮಾಡುವಾಗ ಮಾತ್ರ ಜ್ವರ, ಪರೀಕ್ಷೆ ಮಾಡುವಾಗ ಆರೋಗ್ಯ.

ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ (ಹೆಸರು ಬೇಡ ಬಿಡಿ) ಇದನ್ನು ಕಣ್ಣಾರೆ ಕಂಡಿದ್ದೇನೆ. ಲ್ಯಾಬಿನಲ್ಲಿದ್ದ ಹಳೇ ಬೋರ್ಡೊಂದು ರಾತ್ರಿಯ ಪರೀಕ್ಷೆಗಳ ಫಲಿತಾಂಶವನ್ನು ಸರ್ವರಿಗೆ ಕಳಿಸಬೇಕಿತ್ತು. ಚಿಕ್ಕ ಫೈಲ್ ಹೋಗುತ್ತಿತ್ತು, ದೊಡ್ಡದು ತೆವಳುತ್ತಿತ್ತು. ನೆಟ್‌ವರ್ಕ್ ವಿಭಾಗಕ್ಕೆ ಟಿಕೆಟ್ ಹಾಕಿದರೆ ಸಾವಿರ ಪಿಂಗ್ ಕಳಿಸಿ, ಸಾವಿರವೂ ವಾಪಸ್ ಬಂದಿದೆ, ಜಾಲ ಸರಿಯಿದೆ ಅಂತ ಮುಚ್ಚಿದರು. ಮತ್ತೆ ತೆರೆದೆವು, ಮತ್ತೆ ಮುಚ್ಚಿದರು. ಮೂರು ವಾರ. ಅಷ್ಟರಲ್ಲಿ ಕೇಬಲ್ ಬದಲಾಯಿತು, ಪೋರ್ಟ್ ಬದಲಾಯಿತು, ತಪ್ಪು ನಮ್ಮ ಪ್ರೋಗ್ರಾಮಿನದೇ ಅಂತ ಮೀಟಿಂಗೂ ಆಯಿತು. ಕೊನೆಗೆ ಅವರಲ್ಲೇ ಒಬ್ಬ ಹಿರಿಯರು ಬಂದು ಪಿಂಗ್ ಮಾಡಲೇ ಇಲ್ಲ, ನೇರವಾಗಿ ಸ್ವಿಚ್ಚಿನ ಲೆಕ್ಕದ ಪಟ್ಟಿ ತೆಗೆಸಿದರು. ಫೈಲ್ ಕಳಿಸುತ್ತಿದ್ದ ಹಾಗೆ ಸ್ವಿಚ್ ಕಡೆ ಲೇಟ್ ಕೊಲಿಷನ್ ಏರುತ್ತಿತ್ತು, ಬೋರ್ಡ್ ಕಡೆ ಸಿಆರ್‌ಸಿ ದೋಷ ಏರುತ್ತಿತ್ತು. "ಇದು ಡ್ಯೂಪ್ಲೆಕ್ಸ್ ಕಣಪ್ಪಾ" ಅಂದರು. ಬೋರ್ಡ್ ಆನ್ ಆದಾಗ ಓಡುವ ಸ್ಕ್ರಿಪ್ಟಿನಲ್ಲಿ ಯಾವ ಕಾಲದಲ್ಲೋ ಯಾರೋ "100 ಫುಲ್" ಅಂತ ಒಂದು ಸಾಲು ಬರೆದಿಟ್ಟು ಹೋಗಿದ್ದರು. ಸಾಲು ಅಳಿಸಿದೆವು, ಜ್ವರ ಬಿಟ್ಟಿತು. ಬರೆದವರನ್ನು ಬೈಯಲು ಮನಸ್ಸು ಬರಲಿಲ್ಲ. ಅವರ ಕಾಲದಲ್ಲಿ ಅದೇ ಬುದ್ಧಿವಂತರ ಸಲಹೆಯಾಗಿತ್ತು.

1999ರಲ್ಲಿ ತಾಮ್ರದ ತಂತಿಯ ಮೇಲೆ ಗಿಗಾಬಿಟ್ ಬಂದಾಗ ಆಟೋ ನೆಗೋಷಿಯೇಷನ್ ಕಡ್ಡಾಯ ಮಾಡಿದರು. ಗಡಿಯಾರ ಯಾರದು ಅನ್ನುವುದನ್ನೂ ಅಲ್ಲೇ ತೀರ್ಮಾನಿಸಬೇಕಾದ್ದರಿಂದ ಬೇರೆ ದಾರಿ ಇರಲಿಲ್ಲ. ಈ ರೋಗ ಕಡಿಮೆಯಾದದ್ದು ಹಾಗೆ. ಪೂರ್ತಿ ಹೋಗಿಲ್ಲ, ನಮ್ಮ ಬೋರ್ಡಿನಂಥ ಹಳಬರು ಇರುವ ತನಕ.

ನಮ್ಮೂರಿನ ಇನ್ನೊಂದು ರೋಗದ ಬಗ್ಗೆಯೂ ಹೇಳಿಬಿಡುತ್ತೇನೆ. ಎಂಟು ತಂತಿಯ ಕೇಬಲ್ಲಿನಲ್ಲಿ 1-2 ಒಂದು ಜೋಡಿ, 3-6 ಒಂದು ಜೋಡಿ. ಮೂರು ಮತ್ತು ಆರು, ಮೂರು ಮತ್ತು ನಾಲ್ಕಲ್ಲ. ಹೆಣೆದ ಜೋಡಿಯಾಗಿ ಹೋದರೆ ಮಾತ್ರ ಒಂದರ ಗದ್ದಲ ಇನ್ನೊಂದಕ್ಕೆ ತಾಗುವುದಿಲ್ಲ. ಕ್ರಿಂಪ್ ಮಾಡುವ ಹುಡುಗ ಎರಡೂ ತುದಿಯಲ್ಲಿ ಒಂದೇ ಕ್ರಮ ಇದ್ದರೆ ಸಾಕು ಅಂದುಕೊಂಡು 1-2, 3-4, 5-6 ಅಂತ ಜೋಡಿಗಳನ್ನು ಸಾಲಾಗಿ ಹಾಕಿಬಿಟ್ಟರೆ, ಎಸ್.ಪಿ. ರೋಡಿನಲ್ಲಿ ಸಿಗುವ ಅಗ್ಗದ ಟೆಸ್ಟರಿನಲ್ಲಿ ಎಂಟೂ ದೀಪ ಸರಿಯಾಗಿ ಉರಿಯುತ್ತವೆ. ತಂತಿ ಸೇರಿದೆಯೇ ಅಂತ ಮಾತ್ರ ಅದು ನೋಡುತ್ತದೆ, ಯಾರ ಜೊತೆ ಹೆಣೆದುಕೊಂಡಿದೆ ಅಂತ ನೋಡುವುದಿಲ್ಲ. ಎರಡು ಮೀಟರಿಗೆ ಏನೂ ಆಗುವುದಿಲ್ಲ. ನಲವತ್ತು ಮೀಟರಿಗೆ ಪ್ಯಾಕೆಟ್ ಬೀಳತೊಡಗುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಒಂದು ತಂತಿಯ, ಒಂದು ಸ್ವಿಚ್ಚಿನ ಕಷ್ಟ. ಆಸ್ಪತ್ರೆಯಲ್ಲಿ ಇದು ಹೇಗಿರುತ್ತದೆ ಅನ್ನುವುದಕ್ಕೆ 2002ರ ನವೆಂಬರ್ 13ಕ್ಕೆ ಬಾಸ್ಟನ್ನಿಗೆ ಹೋಗಬೇಕು, ಬೆತ್ ಇಸ್ರೇಲ್ ಡೀಕನೆಸ್ ಮೆಡಿಕಲ್ ಸೆಂಟರಿಗೆ.

ಸ್ವಿಚ್ಚುಗಳನ್ನು ಸುತ್ತು ಬರುವಂತೆ ಜೋಡಿಸಿದರೆ ಪ್ಯಾಕೆಟ್ ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ, ಈಥರ್ನೆಟ್ಟಿನಲ್ಲಿ ಪ್ಯಾಕೆಟ್ಟಿಗೆ ಆಯುಷ್ಯ ಅಂತ ಇಲ್ಲ. ಆದರೆ ಒಂದು ತಂತಿ ಹೋದರೆ ಇನ್ನೊಂದಿರಲಿ ಅಂತ ಸುತ್ತು ಬೇಕೂ ಬೇಕು. 1985ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ರಾಡಿಯಾ ಪರ್ಲ್‌ಮನ್ ಇದಕ್ಕೆ ಸ್ಪ್ಯಾನಿಂಗ್ ಟ್ರೀ ಅನ್ನುವ ಉಪಾಯ ಮಾಡಿದಳು. ಸ್ವಿಚ್ಚುಗಳು ಎರಡು ಸೆಕೆಂಡಿಗೊಮ್ಮೆ ಒಂದಕ್ಕೊಂದು "ಇದ್ದೀನಿ" ಅನ್ನುತ್ತವೆ, ಮಾತಾಡಿಕೊಂಡು ಹೆಚ್ಚುವರಿ ದಾರಿಗಳನ್ನು ಮುಚ್ಚುತ್ತವೆ, ಇಪ್ಪತ್ತು ಸೆಕೆಂಡು "ಇದ್ದೀನಿ" ಕೇಳದಿದ್ದರೆ ಮುಚ್ಚಿದ ದಾರಿಯನ್ನು ತೆರೆಯಲು ಹೊರಡುತ್ತವೆ. ಈಗ ಯೋಚಿಸಿ, ತಂತಿ ಸರಿಯಾಗಿಯೇ ಇದ್ದು ದಟ್ಟಣೆಯಿಂದ ಈ "ಇದ್ದೀನಿ"ಗಳೇ ಕಳೆದುಹೋದರೆ? ಮುಚ್ಚಿದ ದಾರಿ ತೆರೆಯುತ್ತದೆ, ಸುತ್ತು ಹುಟ್ಟುತ್ತದೆ, ಗಾಣ ತಿರುಗುತ್ತದೆ, ಇನ್ನಷ್ಟು "ಇದ್ದೀನಿ"ಗಳು ಕಳೆಯುತ್ತವೆ. ನಷ್ಟವೇ ನಷ್ಟವನ್ನು ಹೆರುತ್ತದೆ.

ಆಸ್ಪತ್ರೆಯ ಜಾಲ ವರ್ಷಗಟ್ಟಲೆ ಕೋಣೆಗೆ ಕೋಣೆ ಸೇರಿಸುತ್ತಾ ಬೆಳೆದಿತ್ತು. ಈ ಲೆಕ್ಕಾಚಾರ ಏಳು ಸ್ವಿಚ್ಚುಗಳ ಆಳಕ್ಕೆ ಮಾಡಿದ್ದು, ಅಲ್ಲಿ ಅದು ಮೀರಿತ್ತು. ಒಬ್ಬ ಸಂಶೋಧಕರು ದೊಡ್ಡ ಪ್ರಮಾಣದ ಮಾಹಿತಿಯನ್ನು ಜಾಲಕ್ಕೆ ಹರಿಸಿದ್ದು ಕಿಡಿಯಾಯಿತು. ಜಾಲ ಏಳುತ್ತಿತ್ತು, ಬೀಳುತ್ತಿತ್ತು. ಸಿಸ್ಕೋದ ತಂಡ ಬಂದು ಕೂತರೂ ಸರಿಯಾಗಲು ಸುಮಾರು ನಾಲ್ಕು ದಿನ ಹಿಡಿಯಿತು. ಅಷ್ಟು ದಿನ ಔಷಧಿ ಚೀಟಿ, ಲ್ಯಾಬ್ ವರದಿ ಎಲ್ಲ ಕಾಗದದಲ್ಲಿ, ಕೈಯಿಂದ ಕೈಗೆ. ಅಲ್ಲಿನ ಮಾಹಿತಿ ವಿಭಾಗದ ಮುಖ್ಯಸ್ಥ ಜಾನ್ ಹಲಾಮ್ಕ, ತಾವೇ ವೈದ್ಯರು ಕೂಡ, ಇದನ್ನು ಮುಚ್ಚಿಡದೆ ಎಲ್ಲರಿಗೂ ಬಿಡಿಸಿ ಹೇಳಿದರು. ಆಮೇಲೆ ಅದು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಪಾಠವೂ ಆಯಿತು. ಮುಚ್ಚಿಡುವುದೇ ವಾಡಿಕೆಯಾಗಿರುವ ಈ ವೃತ್ತಿಯಲ್ಲಿ ನನಗೆ ಹೆಚ್ಚು ಗೌರವ ಹುಟ್ಟಿಸಿದ್ದು ಅದು.

ಸ್ವಿಚ್ಚಿನ ಹೊಟ್ಟೆಯೊಳಗಿನ ಕಳ್ಳತನ ಏನಾಯಿತು ಅಂತೀರಾ? 2000ದಲ್ಲಿ ಜೊನಾಥನ್ ಸ್ಟೋನ್ ಮತ್ತು ಕ್ರೇಗ್ ಪಾರ್ಟ್ರಿಜ್ ನಿಜವಾದ ಜಾಲಗಳ ಪ್ಯಾಕೆಟ್ಟುಗಳನ್ನು ಹಿಡಿದು ಪರೀಕ್ಷಿಸಿದರು. ತಂತಿಯ ಸಿಆರ್‌ಸಿ ಸರಿಯಿದ್ದರೂ 1,100ರಿಂದ 32,000 ಪ್ಯಾಕೆಟ್ಟುಗಳಲ್ಲಿ ಒಂದರ ಟಿಸಿಪಿ ಚೆಕ್‌ಸಮ್ ತಪ್ಪಿತ್ತು. ಅಂದರೆ ತಂತಿಯ ಮೇಲಲ್ಲ, ಪೆಟ್ಟಿಗೆಗಳ ಒಳಗೆ ಕೆಟ್ಟದ್ದು. 2008ರ ಜುಲೈ 20ರಂದು ಅಮೆಜಾನಿನ ಎಸ್3 ಗಂಟೆಗಟ್ಟಲೆ ಮಲಗಿತು. ಸರ್ವರುಗಳು ಒಂದಕ್ಕೊಂದು ಹೇಳಿಕೊಳ್ಳುವ ಸ್ಥಿತಿಗತಿಯ ಸುದ್ದಿಯಲ್ಲಿ ಒಂದೇ ಒಂದು ಬಿಟ್ ಕೆಟ್ಟಿತ್ತು, ಸುದ್ದಿ ಹಬ್ಬಿತು, ಎಲ್ಲರೂ ಹರಟೆಯಲ್ಲೇ ಮುಳುಗಿದರು. ಗ್ರಾಹಕರ ಮಾಹಿತಿಗೆ ಚೆಕ್‌ಸಮ್ ಕಾವಲಿತ್ತು, ಈ ಸುದ್ದಿಗೆ ಇರಲಿಲ್ಲ. ಆರ್ಪಾನೆಟ್ ಮಲಗಿ ಇಪ್ಪತ್ತೆಂಟು ವರ್ಷ ಆಗುತ್ತಾ ಬಂದಿತ್ತು. ಆರ್‌ಎಫ್‌ಸಿ 789 ಅಷ್ಟೂ ವರ್ಷ ಎಲ್ಲರಿಗೂ ಬಿಟ್ಟಿಯಾಗಿ ಓದಲು ಸಿಗುತ್ತಿತ್ತು.

ಕೊನೆಯದಾಗಿ ಒಂದು ತಮಾಷೆ. ಹಾಫ್ ಡ್ಯೂಪ್ಲೆಕ್ಸ್ ಸತ್ತುಹೋಯಿತು ಅಂತ ಎಲ್ಲರೂ ಶ್ರಾದ್ಧ ಮಾಡಿ ಮುಗಿಸಿದ್ದರು. 2019ರಲ್ಲಿ ಐಇಇಇ ಒಪ್ಪಿದ ಹೊಸ ಮಾನಕವೊಂದರಲ್ಲಿ ಅದು ಮರುಹುಟ್ಟು ಪಡೆದಿದೆ. ಕಾರುಗಳ ಒಳಗಿನ ಸೆನ್ಸರುಗಳಿಗೆ, ಕಾರ್ಖಾನೆಯ ಯಂತ್ರಗಳಿಗೆ ಅಂತ ಮಾಡಿದ್ದು. ಒಂದೇ ಜೋಡಿ ತಂತಿ, 25 ಮೀಟರ್, ಕನಿಷ್ಠ ಎಂಟು ಉಪಕರಣ ಅದೇ ತಂತಿಗೆ ತೂಗುಹಾಕಿಕೊಂಡು, ಸೆಕೆಂಡಿಗೆ ಹತ್ತು ಮೆಗಾಬಿಟ್. ಡಿಕ್ಕಿ ಆಗದಿರಲಿ ಅಂತ ಸರದಿಯ ಪ್ರಕಾರ ಮಾತಾಡುವ ವ್ಯವಸ್ಥೆಯೂ ಇದೆ, ಆದರೆ ಅದು ಐಚ್ಛಿಕ. ಸ್ಟೀರಿಯೋ ಅಂತೂ ಕಾರಿನಲ್ಲಿ ಮೊದಲೇ ಇದೆ :-)